ನಾನು ಸ್ಕ್ರೂ ಬಿಚ್ಚಿದ ಭಾನುವಾರ

"ಇದಕ್ಕೆ ವಯಸ್ಸಾಗಿದೆ, ಮಾರಿಬಿಡಿ" ಎಂದು ನನ್ನ ಕಂಪ್ಯೂಟರಿನ ಬಗ್ಗೆ ಹೇಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಕಂಪ್ಯೂಟರ್ ಹೋಗಿ ಎಷ್ಟೋ ವರ್ಷವಾಯಿತು, ಸಿಟ್ಟು ಮಾತ್ರ ಹೋಗಿಲ್ಲ. ಅದನ್ನು ಕಳೆದುಕೊಳ್ಳುವ ಆಸೆಯೂ ನನಗಿಲ್ಲ.

ತುಮಕೂರಿನಲ್ಲಿ ಶಿರಾ ಗೇಟಿನ ಹತ್ತಿರದ ಒಂದು ಗಲ್ಲಿಯಲ್ಲಿ ನಮ್ಮ ಮನೆ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷ ಕಳೆದಿತ್ತು. ಗಂಡ ಲಾರಿ ಓಡಿಸುತ್ತಿದ್ದರು, ತಿಂಗಳಲ್ಲಿ ಇಪ್ಪತ್ತು ದಿನ ರಸ್ತೆಯ ಮೇಲೆ. ಹೀಗಾಗಿ ಮನೆಯಲ್ಲಿ ಯಾವುದೇ ವಿಷಯಕ್ಕೆ ಹೂಂ ಅನ್ನಲು, ಉಹೂಂ ಅನ್ನಲು ಇದ್ದವರು ಗಂಡನ ಅಣ್ಣ, ನನ್ನ ಭಾವ. ಅವರಿಗೆ ಗೇಟಿನಲ್ಲೇ ಚಪ್ಪಲಿ ಅಂಗಡಿ, ಸಂಸಾರ ನಮ್ಮ ಮಹಡಿಯ ಮೇಲೆ. ಕೆಳಗೆ ನಾನು ಮತ್ತು ಅತ್ತೆ. ಗಲ್ಲಿಯ ಮನೆಗಳಲ್ಲೆಲ್ಲ ಒಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಅತ್ತೆ ಹುಲಿಯೂರುದುರ್ಗದ ಕಡೆಯವರು, ಸುತ್ತ ಎಲ್ಲ ಒಕ್ಕಲುಮನೆಗಳ ನಡುವೆ ಬೆಳೆದವರು. ಅವರು ಮನೆಯೊಳಗೂ ಕನ್ನಡವನ್ನೇ ಆಡುತ್ತಿದ್ದರು, ನಮಗೂ ಅದೇ ರೂಢಿಯಾಯಿತು.

ನಾನು ಕುಣಿಗಲ್ಲಿನವಳು. ಅಪ್ಪ ದರ್ಜಿ. ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲೇ ನಾನು ಕನ್ನಡ ಸೀನಿಯರ್ ಪಾಸು ಮಾಡಿದ್ದು. ಮದುವೆಯಾಗಿ ತುಮಕೂರಿಗೆ ಬಂದ ಮೇಲೆ ಬೆರಳುಗಳಿಗೆ ಸೊಪ್ಪು ಸೋಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಆಗ ಗುಬ್ಬಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡಿದ್ದ ಹಿರಿಯರೊಬ್ಬರು, ಅಪ್ಪನ ಹಳೆಯ ಗಿರಾಕಿ, ಮದುವೆ ಪತ್ರಿಕೆ, ಪ್ರಶ್ನೆಪತ್ರಿಕೆ ಟೈಪು ಮಾಡಿಕೊಡುವ ಕೆಲಸ ಕೊಟ್ಟರು. ಅಲ್ಲೇ ಒಂದು ಸೈಬರ್ ಸೆಂಟರ್ ಮುಚ್ಚುತ್ತಿದೆ, ಕಂಪ್ಯೂಟರ್ ಸಿಗುತ್ತದೆ ಎಂದು ಹೇಳಿದವರೂ ಅವರೇ. ಗಂಡ ಅದನ್ನು ಲಾರಿಯ ಕ್ಯಾಬಿನ್ನಿನಲ್ಲಿ, ಪಕ್ಕದ ಸೀಟಿನ ಮೇಲೆ ಕೂರಿಸಿಕೊಂಡು ತಂದರು. "ಮನೆ ಹೆಣ್ಮಕ್ಕಳಿಗೆ ಇದೆಲ್ಲ ಯಾಕೆ ಬೇಕು" ಎಂದರು ಭಾವ. "ಇರ್ಲಿ ಬಿಡಿ ಭಾಯ್" ಎಂದು ಗಂಡ ಮತ್ತೆ ಲಾರಿ ಹತ್ತಿದರು.

ಅತ್ತೆಗೆ ಕಂಪ್ಯೂಟರ್ ಎಂದರೆ ಮನೆಗೆ ಬಂದ ಮದುಮಗಳು. ಅದಿದ್ದ ಕೋಣೆಗೆ ಯಾರೂ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ. ನನ್ನ ತವರಿನ ಹೊಲಿಗೆ ಮಿಷನ್ನಿನಲ್ಲಿ ಅವರೇ ಕೂತು ಅದಕ್ಕೆ ಕೆಂಪು ಮಖಮಲ್ಲಿನ ಮುಸುಕು ಹೊಲಿದರು, ಅಂಚಿಗೆ ಜರಿ. ಮಾನಿಟರಿಗೆ ಒಂದು, ಕೆಳಗಿನ ಡಬ್ಬಕ್ಕೆ ಒಂದು. ಡಬ್ಬದ್ದನ್ನು ತೆಗೆಯುವುದೇ ಬೇಡವೆಂದು ಮುಂದೆ ಬಟನ್ನಿಗೆ, ಹಿಂದೆ ವೈರುಗಳಿಗೆ ಕಿಂಡಿ ಕತ್ತರಿಸಿದ್ದರು. ಹೊರಗೆ ಹೋಗುವಾಗ ನಾನು ಬುರ್ಖಾ ಹಾಕುತ್ತಿದ್ದೆ, ಅದಕ್ಕೋ ಮನೆಯೊಳಗೂ ಬುರ್ಖಾ. ಪ್ರತಿ ಗುರುವಾರ ಹೊತ್ತು ಮುಳುಗಿ ಮಗ್ರಿಬ್ ನಮಾಜಿನ ಹೊತ್ತಿಗೆ ಮಣ್ಣಿನ ಧೂಪದಾನಿಯಲ್ಲಿ ಕೆಂಡ ಹಾಕಿ, ಮೇಲೆ ಸಾಂಬ್ರಾಣಿಯಂಥ ಲೋಬಾನ ಚೆಲ್ಲಿ, ಮನೆಯೆಲ್ಲ ಹೊಗೆ ತೋರಿಸುವುದು ಅತ್ತೆಯ ಪದ್ಧತಿ. ಕಂಪ್ಯೂಟರಿನ ಹತ್ತಿರ ಬಂದಾಗ ಅವರು ಕೆಳಗೆ ಕುಕ್ಕರಗಾಲಲ್ಲಿ ಕೂತು, ಬೀಸಣಿಗೆಯಿಂದ ಹೊಗೆಯನ್ನು ಅದರ ಕಡೆಗೇ ಬೀಸುತ್ತಿದ್ದರು. "ಬೀದಿಯೋರ್ ಕಣ್ಣೆಲ್ಲ ಇದರ್ ಮೇಲೇ ಅದೆ" ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಆದರೆ ನನ್ನ ಕೆಲಸಕ್ಕೆ ದೃಷ್ಟಿ ತಾಗಬಾರದು ಎಂದು ಯೋಚಿಸುವ ಒಬ್ಬರು ಈ ಮನೆಯಲ್ಲಿ ಇದ್ದಾರಲ್ಲ ಎಂದು ಸಂತೋಷವೂ ಆಗುತ್ತಿತ್ತು.

ಮೂರು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಅದು ನಿಧಾನವಾಗತೊಡಗಿತು.

ಬೆಳಗ್ಗೆ ಹಚ್ಚಿದಾಗ ಸರಿಯಾಗೇ ಇರುತ್ತಿತ್ತು. ಅರ್ಧ ಗಂಟೆಯಾಗುತ್ತಲೇ ಏದುಸಿರು. ನಾನು 'ಸುವರ್ಣ ಮಹೋತ್ಸವ' ಎಂದು ಒತ್ತಿ ಕೈಕಟ್ಟಿ ಕೂತರೆ ತೆರೆಯ ಮೇಲೆ ಒಂದೊಂದೇ ಅಕ್ಷರ ಬರುತ್ತಿತ್ತು. ಕೊನೆಯ 'ವ' ಬರುವಷ್ಟರಲ್ಲಿ ಒಲೆಯ ಮೇಲಿನ ಹಾಲು ನೋಡಿಕೊಂಡು ಬರಬಹುದಿತ್ತು. ನಿಮಿಷಕ್ಕೆ ಇಷ್ಟು ಪದ ಎಂದು ಗಡಿಯಾರ ಇಟ್ಟು ಕಲಿತವಳಿಗೆ ಇದಕ್ಕಿಂತ ಅವಮಾನವಿಲ್ಲ. ಮಹಡಿಯ ಮಕ್ಕಳು ತುಂಬಿದ್ದ ಗೇಮುಗಳನ್ನೆಲ್ಲ ಅಳಿಸಿದೆ. ತೆರೆಯ ಹಿನ್ನೆಲೆಯ ಚಿತ್ರ ತೆಗೆದು ಬರೀ ನೀಲಿ ಬಣ್ಣ ಇಟ್ಟೆ. ಡಿಸ್ಕಿನೊಳಗೆ ಚೆದುರಿದ್ದನ್ನು ಒಟ್ಟು ಮಾಡುವ ಡಿಫ್ರಾಗ್ ಹಾಕಿ, ಬಣ್ಣದ ಚೌಕಗಳು ಜಾಗ ಬದಲಾಯಿಸುವುದನ್ನು ಗಂಟೆಗಟ್ಟಲೆ ನೋಡುತ್ತ ಕೂತೆ. ಅದೂ ಏನೋ ದೊಡ್ಡ ಕೆಲಸವೇ ಇರಬೇಕು ಎಂದು ಅತ್ತೆ ಟೀ ತಂದುಕೊಟ್ಟರು. ಏನೂ ಪ್ರಯೋಜನವಾಗಲಿಲ್ಲ.

ಹೊತ್ತು ಕೂಡ ಕೆಟ್ಟದ್ದೇ ಇತ್ತು. ಗುಬ್ಬಿ ತಾಲ್ಲೂಕಿನ ಒಂದು ಶಾಲೆಗೆ ಐವತ್ತು ವರ್ಷ ತುಂಬಿ, ಸ್ಮರಣ ಸಂಚಿಕೆ ತರುತ್ತಿದ್ದರು. ನನಗೆ ಸಿಕ್ಕ ಮೊದಲ ಪುಸ್ತಕದ ಕೆಲಸ ಅದು. ಹಳೆಯ ಮೇಷ್ಟ್ರುಗಳು ಕೈಯಲ್ಲಿ ಬರೆದುಕೊಟ್ಟ ನೆನಪುಗಳ ಕಟ್ಟು ನನ್ನ ಮೇಜಿನ ಮೇಲಿತ್ತು. ನಲವತ್ತು ಪುಟ ಮುಗಿಸಿದ್ದೆ. ಕೆಲಸ ಸಾಗುತ್ತಿಲ್ಲ ಎಂದು ಭಾವನಿಗೆ ಹೇಳಿದೆ, ಅವರು ತಮ್ಮ ಪರಿಚಯದ ಕಂಪ್ಯೂಟರ್ ಅಂಗಡಿಯಿಂದ ಸರ್ವಿಸ್‌ನವನನ್ನು ಕರೆದುಕೊಂಡು ಬಂದರು. ನಲವತ್ತರ ಆಸುಪಾಸಿನ ಗಂಡಸು. ಕೋಣೆಯಲ್ಲಿ ಅವನಿದ್ದ, ಭಾವ ಇದ್ದರು. ನಾನು ಪದ್ಧತಿಯಂತೆ ಅಡಿಗೆಮನೆ ಬಾಗಿಲ ಮರೆಯಲ್ಲಿದ್ದೆ.

"ಯಾರು ಸಾರ್ ಇದನ್ನ ಯೂಸ್ ಮಾಡೋದು?"

"ನಮ್ಮ ತಮ್ಮನ ಮನೆಯವ್ರು."

"ಅದಕ್ಕೇ ಮತ್ತೆ. ಹೆಂಗಸ್ರು ಕಂಡಿದ್ದೆಲ್ಲ ಒತ್ತಿ ಒತ್ತಿ ವೈರಸ್ ಸೇರ್ಕೊಂಡದೆ. ಅಂಗಡಿಗೆ ತಗೊಂಡೋಗಿ ಫಾರ್ಮ್ಯಾಟ್ ಹೊಡೀತೀನಿ. ಒಳಗೆ ಏನಾದ್ರೂ ಇಂಪಾರ್ಟೆಂಟ್ ಅದಾ?"

"ಏನಿರ್ತದೆ? ಹೊಡಿ" ಎಂದರು ಭಾವ.

ಅವನು ಕೇಳಿದ್ದು ಅವರನ್ನು. ಫಾರ್ಮ್ಯಾಟ್ ಎಂದರೆ ಎಲ್ಲ ಅಳಿಸಿ ಹೊಸದಾಗಿ ಹಾಕುವುದು ಎಂದು ಗೊತ್ತಿದ್ದವಳು ನಾನು. "ನಿಲ್ಲಿಸಿ, ನನ್ನ ಪುಟಗಳಿವೆ" ಎಂದು ಬಾಗಿಲ ಮರೆಯಿಂದ ಹೇಳಿದೆ. ಇಬ್ಬರೂ ಆಗಲೇ ಡಬ್ಬ ಎತ್ತಿಕೊಂಡು ಮಾತಾಡುತ್ತ ಹೊಸ್ತಿಲು ದಾಟುತ್ತಿದ್ದರು. ನನ್ನ ದನಿ ಸಣ್ಣದಿತ್ತೋ, ಅವರ ಕಿವಿ ಸಣ್ಣದಿತ್ತೋ, ಇವತ್ತಿಗೂ ಹೇಳಲಾರೆ. ಓಡಿಹೋಗಿ ತಡೆಯಲಿಲ್ಲವಲ್ಲ ಎಂದು ನನ್ನ ಮೇಲೂ ಸಿಟ್ಟಿದೆ. ಮಂಗಳವಾರ ಕಂಪ್ಯೂಟರ್ ವಾಪಸ್ ಬಂತು. ನಲವತ್ತು ಪುಟದಲ್ಲಿ ನನ್ನ ಹತ್ತಿರ ಉಳಿದದ್ದು ಒಂದು ಫ್ಲಾಪಿಯಲ್ಲಿದ್ದ ಆರು ಪುಟ.

ಗುಬ್ಬಿಗೆ ಫೋನ್ ಮಾಡಿದೆ. ಪ್ರೆಸ್ಸಿನವರು ಬೈಯಲಿಲ್ಲ. "ಆಯ್ತು ಬುಡವ್ವ, ಆಗಿದ್ದಾಯ್ತು. ಆದ್ರೆ ಸೋಮವಾರ ಬೆಳಗ್ಗೆ ನಂಗೆ ಎಲ್ಲಾ ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳು, ಬೇರೆಯೋರಿಗೆ ಕೊಡ್ತೀನಿ. ಬೇಜಾರ್ ಮಾಡ್ಕೋಬ್ಯಾಡ" ಎಂದರು. ಆಗುತ್ತದೆ ಎಂದೆ. ಅವರಿಗೆ ಹೇಳಿದ್ದಕ್ಕಿಂತ ನನಗೇ ಹೇಳಿಕೊಂಡದ್ದು ಹೆಚ್ಚು.

ಫಾರ್ಮ್ಯಾಟಿನ ಪ್ರಭಾವ ಒಂದೇ ದಿನ. ಬುಧವಾರ ಓಡಿತು, ಗುರುವಾರ ಕುಂಟಿತು. ಶುಕ್ರವಾರ ಮತ್ತೆ ಅದೇ ಹಾಡು. ಆ ವಾರ ತುಮಕೂರಿನಲ್ಲಿ ಕರೆಂಟು ಬೇರೆ ಬೇಕಾದಾಗ ಬಂದು ಬೇಡವೆಂದಾಗ ಹೋಗುತ್ತಿತ್ತು. ಗಲ್ಲಿಯವರೆಲ್ಲ ಕರೆಂಟಿನವರಿಗೆ ಶಾಪ ಹಾಕುವಾಗ ನಾನೊಬ್ಬಳು ಒಂದು ವಿಚಿತ್ರ ಗಮನಿಸಿದೆ. ಕರೆಂಟು ಹೋಗಿ ಗಂಟೆ ಕಳೆದು ಬಂದರೆ ಕಂಪ್ಯೂಟರ್ ಮತ್ತೆ ಚುರುಕಾಗಿರುತ್ತಿತ್ತು. ಅರ್ಧ ಗಂಟೆ. ಆಮೇಲೆ ಮತ್ತೆ ಕುಂಟು. ಇದು ವೈರಸ್ಸಾದರೆ ಕರೆಂಟು ಹೋದಾಗ ಅದೂ ಮಲಗಿ ಎದ್ದು ಉಪಕಾರ ಮಾಡುತ್ತದೆಯೇ? ಶನಿವಾರ ಮಧ್ಯಾಹ್ನ ಅದು ಕುಂಟುತ್ತಿದ್ದಾಗ ಮಖಮಲ್ಲಿನ ಕೆಳಗೆ ಕೈ ಹಾಕಿ ತಗಡು ಮುಟ್ಟಿದೆ. ರೊಟ್ಟಿ ಬೇಯಿಸುವಷ್ಟು ಬಿಸಿ.

ಅದೇ ದಿನ ಸಂಜೆ ಭಾವ ಅಂಗಡಿಯಿಂದ ಬಂದವರು ಬಾಗಿಲಲ್ಲೇ ನಿಂತು ಹೇಳಿದರು. "ಅದಕ್ಕೆ ವಯಸ್ಸಾಗೋಗದಂತೆ. ಸರ್ವಿಸ್‌ನೋನು ಗಿರಾಕಿ ಹುಡುಕವ್ನೆ. ನಾಳೆ ಸಾಯಂಕಾಲ ಬಂದು ತಗೊಂಡೋಯ್ತಾನೆ. ಗುಬ್ಬಿ ಕೆಲಸ ವಾಪಸ್ ಕೊಟ್ಬುಡು."

"ಓಡ್ತಾ ಇದ್ರೂ ಕೊಡ್ತೀರಾ?" ಎಂದೆ.

ಅಷ್ಟು ನೇರವಾಗಿ ನಾನು ಅವರೊಂದಿಗೆ ಅದುವರೆಗೆ ಮಾತಾಡಿರಲಿಲ್ಲ. ಅವರು "ಓಡ್ತಿದ್ರೆ ನೋಡಣ" ಎಂದು ಮಹಡಿ ಹತ್ತಿದರು.

ಆ ಮನೆಯಲ್ಲಿ ಕಪಾಟು ಅತ್ತೆಯದು, ಪಾತ್ರೆ ಅತ್ತೆಯದು, ಮಾತು ಭಾವನದು. ನನ್ನ ಹತ್ತು ಬೆರಳು ನನ್ನವಾಗಿದ್ದದ್ದು ಆ ಕೀಬೋರ್ಡಿನ ಮೇಲೆ ಮಾತ್ರ. ಗುಬ್ಬಿಯ ಪ್ರೆಸ್ಸಿನಲ್ಲಿ, ಒತ್ತಕ್ಷರ ತಪ್ಪದೆ ಟೈಪು ಮಾಡುವ ಹೆಣ್ಣುಮಗಳು ಎಂದು ನನಗೊಂದು ಗುರುತಿತ್ತು. ಅದನ್ನು ಯಾರೋ ಬಂದು ಆಟೋದಲ್ಲಿ ಹಾಕಿಕೊಂಡು ಹೋಗುವುದನ್ನು ಬಾಗಿಲ ಮರೆಯಿಂದ ಇನ್ನೊಮ್ಮೆ ನೋಡುವವಳಲ್ಲ ನಾನು.

ಭಾನುವಾರ ಬೆಳಗ್ಗೆ ತಿಂಡಿ ಮುಗಿಸಿ, ವೈರುಗಳನ್ನೆಲ್ಲ ಕಿತ್ತು, ಯಾವುದು ಎಲ್ಲಿತ್ತೆಂದು ಚೀಟಿಯಲ್ಲಿ ಬರೆದುಕೊಂಡು, ಡಬ್ಬವನ್ನು ಚಾಪೆಯ ಮೇಲೆ ಮಲಗಿಸಿದೆ. ಹೊಲಿಗೆ ಮಿಷನ್ನಿನ ಖಾನೆಯಿಂದ ಅಪ್ಪ ಕೊಟ್ಟಿದ್ದ ತಗಡಿನ ಡಬ್ಬಿ ತೆಗೆದೆ. ಅದರಲ್ಲಿ ಸ್ಕ್ರೂ ಡ್ರೈವರ್, ಬಿರುಸು ಕೂದಲಿನ ಸಣ್ಣ ಬ್ರಷ್, ಎಣ್ಣೆಯ ಕುಪ್ಪಿ ಇದ್ದವು. ಕುಣಿಗಲ್ಲಿನ ಅಂಗಡಿಯಲ್ಲಿ ಮಿಷನ್ ಭಾರವಾಯಿತೆಂದರೆ ಅಪ್ಪ ಮೆಕ್ಯಾನಿಕ್ಕನ್ನು ಕರೆಯುತ್ತಿರಲಿಲ್ಲ. ಮೊದಲು ಸೂಜಿಯ ಕೆಳಗಿನ ತಗಡು ಬಿಚ್ಚಿ, ನೂಲಿನ ಜುಂಗು ತೆಗೆದು, ಎಣ್ಣೆ ಬಿಡುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಮಿಷನ್ ಅಷ್ಟಕ್ಕೇ ಹಗುರವಾಗುತ್ತಿತ್ತು. ಯಾವುದೇ ಯಂತ್ರ ಭಾರವಾದರೆ ಮೊದಲು ಬಿಚ್ಚಿ ನೋಡಬೇಕು ಎಂಬುದು ನನಗೆ ಹಾಗೆ ಅಂಟಿದ ಬುದ್ಧಿ.

ಡಬ್ಬದ ಹಿಂದೆ ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಎರಡೇ ಇದ್ದವು. ಉಳಿದ ಎರಡನ್ನು ನಮ್ಮ ಪರಿಣತರು ಅಂಗಡಿಯಲ್ಲೇ ಉಳಿಸಿಕೊಂಡಿದ್ದರು. ತಗಡು ಸರಿಸಿದೆ. ಒಳಗೆ ಹಸಿರು ಹಲಗೆ, ಅದರ ನಡುವೆ ಅಂಗೈಯಗಲದ ಫ್ಯಾನು, ಅದರ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳ ಸಾಲು. ಪಟ್ಟಿಗಳ ನಡುವೆ ಗಾಳಿ ಹೋಗಬೇಕಾದ ಸಂದುಗಳಲ್ಲಿ ಕಪ್ಪಗೆ, ಕಂಬಳಿಯಂಥದ್ದು ಗಿಡಿದುಕೊಂಡಿತ್ತು. ಫ್ಯಾನಿನ ರೆಕ್ಕೆಗಳಿಗೂ ಅದೇ ಮೆತ್ತಿತ್ತು. ಬೆರಳಲ್ಲಿ ತಿರುಗಿಸಿದರೆ ಅರ್ಧ ಸುತ್ತು ಹೋಗಿ ನಿಂತುಬಿಡುತ್ತಿತ್ತು. ಪಾಪದ್ದು, ಉಸಿರು ಕಟ್ಟಿಕೊಂಡೇ ಇಷ್ಟು ದಿನ ಕೆಲಸ ಮಾಡಿದೆ. ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಸುಟ್ಟುಹೋಗಬಾರದೆಂದು ತಾನೇ ನಿಧಾನವಾಗುತ್ತಿದೆ, ಅಷ್ಟೇ. ಆ ಸರ್ವಿಸ್‌ನವನು ಇದೇ ಡಬ್ಬವನ್ನು ಬಿಚ್ಚಿದ್ದ, ಇದನ್ನೇ ನೋಡಿದ್ದ, ಮುಚ್ಚಿದ್ದ.

ಬ್ರಷ್ಷಿನಿಂದ ಕೆದಕಿದೆ. ಸಾಮಾನ್ಯ ಧೂಳಾದರೆ ಉದುರಬೇಕು, ಇದು ಅಂಟಂಟಾಗಿತ್ತು. ಹಳೆಯ ಬನಿಯನ್ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ವಾಸನೆ ಮೂಗಿಗೆ ಬಂತು. ಲೋಬಾನ.

ಮೂರು ವರ್ಷದ ಗುರುವಾರಗಳೆಲ್ಲ ಆ ಪಟ್ಟಿಗಳ ನಡುವೆ ಕೂತಿದ್ದವು. ಫ್ಯಾನು ಒಳಗೆಳೆದುಕೊಳ್ಳುವ ಕಡೆಗೇ ಅತ್ತೆ ಬೀಸಿದ್ದರು, ಬಿಸಿ ಗಾಳಿ ಹೊರಗೆ ಬಿಡಬೇಕಾದ ಹಿಂದಿನ ಜಾಲರಿಯನ್ನು ಅವರ ಮಖಮಲ್ಲೇ ಮುಚ್ಚಿತ್ತು. ನನಗೆ ಮೊದಲು ನಗು ಬಂತು, ಹಿಂದೆಯೇ ಹೆದರಿಕೆ. ಇದು ಹೊರಗೆ ಗೊತ್ತಾದರೆ ಆ ಸರ್ವಿಸ್‌ನವನ ಮಾತೇ ನಿಜವಾಗಿಬಿಡುತ್ತದೆ. ಹೆಂಗಸರು ಕೆಡಿಸಿದರು ಎಂದು ಅವನು ಸುಮ್ಮನೆ ಅಂದದ್ದಕ್ಕೆ ನಾನೇ ಸಾಕ್ಷಿ ಒದಗಿಸಿದಂತಾಗುತ್ತದೆ. ಯಾರಿಗೂ ಹೇಳಬಾರದು ಎಂದು ತೀರ್ಮಾನ ಮಾಡಿದೆ.

ಫ್ಯಾನನ್ನು ಬಿಚ್ಚಿ ಒಂದೊಂದೇ ರೆಕ್ಕೆ ಒರೆಸಿದೆ. ಮೆಡಿಕಲ್ ಸ್ಟೋರಿನಿಂದ ತಂದಿದ್ದ ಸ್ಪಿರಿಟ್ಟಿನಲ್ಲಿ ಬ್ರಷ್ ಅದ್ದಿ ಪಟ್ಟಿಗಳ ಸಂದು ತಿಕ್ಕಿದೆ. ಪಕ್ಕದ ಮನೆಯಿಂದ ಸೈಕಲ್ ಪಂಪು ಇಸಕೊಂಡು ಬಂದು ಮೂಲೆಮೂಲೆಗೂ ಗಾಳಿ ಹೊಡೆದೆ. ಫ್ಯಾನಿನ ನಡುವಿನ ಸ್ಟಿಕ್ಕರ್ ಎಬ್ಬಿಸಿ ಅಚ್ಚಿಗೆ ಮಿಷನ್ ಎಣ್ಣೆ ಒಂದೇ ತೊಟ್ಟು ಬಿಟ್ಟೆ. ಈಗ ಬೆರಳಿಂದ ತಳ್ಳಿದರೆ ಅದು ಸುತ್ತುತ್ತಲೇ ಇತ್ತು. ಸ್ಪಿರಿಟ್ ಪೂರ್ತಿ ಆರಲಿ ಎಂದು ಗಂಟೆ ಕಾದು, ಚೀಟಿ ನೋಡಿಕೊಂಡು ವೈರು ಸಿಕ್ಕಿಸಿದೆ. ಮುಸುಕು ಹಾಕಲಿಲ್ಲ.

ಬಟನ್ ಒತ್ತಿದೆ. ಹತ್ತಿಕೊಂಡಿತು. ಅರ್ಧ ಗಂಟೆಯಾಯಿತು, ನನ್ನ ಬೆರಳಿನ ಹಿಂದೆಯೇ ಅಕ್ಷರ ಬರುತ್ತಿತ್ತು. ಒಂದು ಗಂಟೆ. ಎರಡು ಗಂಟೆ. ಮೇಷ್ಟ್ರೊಬ್ಬರು ತಾವು ಶಾಲೆಗೆ ಮೊದಲ ದಿನ ಎತ್ತಿನಗಾಡಿಯಲ್ಲಿ ಬಂದದ್ದನ್ನು ಬರೆದಿದ್ದರು, ಅದನ್ನು ಟೈಪು ಮಾಡುತ್ತ ಮಾಡುತ್ತ ನನಗೆ ಅಳು ಬಂತು. ಮೇಷ್ಟ್ರ ಕಥೆಗಲ್ಲ.

ಮಧ್ಯಾಹ್ನ ಅತ್ತೆ ಆ ಬನಿಯನ್ ಬಟ್ಟೆಯನ್ನು ಒಗೆಯಲು ಎತ್ತಿಕೊಂಡವರು ಅದನ್ನು ಕೈಯಲ್ಲೇ ಹಿಡಿದು ನಿಂತರು.

"ಇದೇನವ್ವ, ಇಷ್ಟೊಂದು ಮಸಿ?"

"ರಸ್ತೆ ಧೂಳು ಅಮ್ಮಾ" ಎಂದೆ, ತೆರೆಯಿಂದ ಕಣ್ಣು ತೆಗೆಯದೆ. ಅವರು ಬಟ್ಟೆ ಹಿಡಿದುಕೊಂಡೇ ಬಚ್ಚಲ ಕಡೆ ಹೋದರು.

ಸಂಜೆ ಅಸರ್ ನಮಾಜು ಮುಗಿದ ಮೇಲೆ ಭಾವ ಬಂದರು, ಹಿಂದೆ ಸರ್ವಿಸ್‌ನವನು. ಈ ಸಲ ನಾನು ಬಾಗಿಲ ಮರೆಗೆ ಹೋಗಲಿಲ್ಲ. ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಕುರ್ಚಿಯಲ್ಲೇ ಕೂತಿದ್ದೆ, ಟೈಪು ಮಾಡುತ್ತಲೇ ಇದ್ದೆ. ಅವನು ತೆರೆ ನೋಡಿದ, ಡಬ್ಬ ನೋಡಿದ.

"ಯಾರು ಇದನ್ನ ಬಿಚ್ಚಿದ್ದು?"

"ನಾನು."

"ಏನ್ ಸಾರ್ ಇದು, ಹಿಂಗೆಲ್ಲ ಕೈ ಹಾಕ್ಬಾರ್ದು. ಶಾರ್ಟ್ ಆಗೋಯ್ತದೆ" ಎಂದು ಅವನು ಭಾವನಿಗೆ ಹೇಳಿದ. ಮಾತಾಡುತ್ತಿದ್ದವಳು ನಾನು, ಉತ್ತರ ಮಾತ್ರ ಅವರಿಗೆ.

"ಬೆಳಗ್ಗೆಯಿಂದ ಓಡ್ತಾ ಅದೆ, ನೋಡಿ" ಎಂದೆ. "ಒಳಗೆ ಫ್ಯಾನು ಕಟ್ಕೊಂಡಿತ್ತು. ವೈರಸ್ಸೂ ಇಲ್ಲ, ವಯಸ್ಸೂ ಇಲ್ಲ."

"ಫ್ಯಾನ್ ಯಾಕೆ ಕಟ್ಕೊಂಡಿತ್ತು?" ಎಂದರು ಭಾವ.

ಬೆಳಗ್ಗೆಯಿಂದ ಅಷ್ಟೆಲ್ಲ ಧೈರ್ಯ ಮಾಡಿದವಳ ನಾಲಗೆ ಅಲ್ಲಿ ತೊದಲಿತು. "ರಸ್ತೆ ಧೂಳು. ಶಿರಾ ಗೇಟಲ್ಲಿ ಧೂಳಿಗೇನು ಬರವಾ" ಎಂದೆ.

ಸರ್ವಿಸ್‌ನವನು ಬಗ್ಗಿ ಹಿಂದಿನ ಜಾಲರಿ ಮೂಸಿ ನೋಡಿ ನಕ್ಕ. "ಧೂಳಲ್ಲ ಸಾರ್ ಇದು, ಊದಿನ ವಾಸನೆ. ಹೊಗೆ ಹಾಕಿ ಹಾಕಿ ಕೆಡಿಸವ್ರೆ. ನಾನ್ ಅವತ್ತೇ ಹೇಳಿಲ್ವಾ, ಹೆಂಗಸ್ರ ಕೈಗೆ ಕೊಟ್ರೆ ಹಿಂಗೇಯ. ಇನ್ನೊಂದ್ ತಿಂಗಳಿಗೆ ಮತ್ತೆ ಇದೇ ಕಥೆ. ಕೊಟ್ಬುಡಿ ಸುಮ್ನೆ."

ಭಾವ ನನ್ನನ್ನು ನೋಡಿದರು. ನಾನು ಹೆದರಿದ್ದ ಮಾತೇ ಬಂದಿತ್ತು, ನನ್ನ ಸುಳ್ಳೂ ಸಿಕ್ಕಿಬಿದ್ದಿತ್ತು. ಅಷ್ಟರಲ್ಲಿ ಅಡಿಗೆಮನೆಯಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಂದರು. ಹೊರಗಿನ ಗಂಡಸರ ಎದುರಿಗೆ ಅವರು ಹೀಗೆ ಬಂದು ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಹೌದು ಕಣಪ್ಪ, ಲೋಬಾನ" ಎಂದರು. "ಹಾಕಿದ್ದು ನಾನು. ಮೂರ್ ವರ್ಷದಿಂದ ವಾರ ವಾರ ಕೂತ್ಕೊಂಡು ಬೀಸಿದ್ದು ನಾನೇಯ. ನಂಗೆ ಗೊತ್ತಾಗ್ನಿಲ್ಲ, ಕೆಡ್ತು. ಇವತ್ತು ಬೆಳಗ್ಗೆಯಿಂದ ಕೂತ್ಕೊಂಡು ಅದನ್ನೆಲ್ಲ ತಿಕ್ಕಿ ಸರಿ ಮಾಡ್ದೋಳು ಇವಳು." ಅವರ ದನಿ ಏರಲಿಲ್ಲ. ಸರ್ವಿಸ್‌ನವನ ಕಡೆ ತಿರುಗಿ ಕೇಳಿದರು, "ನೀನು ಓದ್ದೋನು, ಬಿಚ್ಚಿ ನೋಡ್ದೋನು. ನೀನೇನ್ ಮಾಡ್ದೆ ಹೇಳು? ನೀನು, ನನ್ ಮಗ, ಇಬ್ರೂ ಸೇರ್ಕೊಂಡು ಅವಳ ನಲವತ್ತು ಪುಟ ಅಳಿಸಿದ್ರಿ. ಇನ್ನೇನ್ ಮಾಡಿದ್ರಿ?"

ಸರ್ವಿಸ್‌ನವನು "ಗಿರಾಕಿಗೆ ಮಾತು ಕೊಟ್ಟಿದ್ದೆ" ಎಂದು ಏನೋ ಗೊಣಗಿದ. "ನಡಿ, ಆಮೇಲೆ ಮಾತಾಡಣ" ಎಂದು ಭಾವನೇ ಅವನನ್ನು ಕರೆದುಕೊಂಡು ಹೊರಟರು. ಆ 'ಆಮೇಲೆ' ಆ ಮನೆಯಲ್ಲಿ ಮತ್ತೆ ಬರಲಿಲ್ಲ.

ಅವರು ಹೋದ ಮೇಲೂ ನನಗೆ ತಲೆ ಎತ್ತಲಾಗಲಿಲ್ಲ. ಬೆಳಗ್ಗೆಯಿಂದ ಆ ಮನೆಯಲ್ಲಿ ಧೈರ್ಯಸ್ಥೆ ನಾನೊಬ್ಬಳೇ ಎಂದುಕೊಂಡಿದ್ದೆ. ತಗಡು ಬಿಚ್ಚುವ ಧೈರ್ಯ ನನಗಿತ್ತು ನಿಜ, ತಪ್ಪನ್ನು ತಪ್ಪೆಂದು ಅವರೆದುರು ಹೇಳುವ ಧೈರ್ಯ ಇರಲಿಲ್ಲ. ಹೇಳಿದರೆ ಸೋತಂತೆ ಎಂದು ನಾನು ತಿಳಿದಿದ್ದೆ.

"ನಿಮ್ ಹೆಸರು ಬರ್ಬಾರ್ದು ಅಂತ ಹಂಗಂದೆ ಅಮ್ಮಾ" ಎಂದೆ.

"ನನ್ ಹೆಸರು ಕಾಯಿ ಅಂತ ನಿಂಗ್ಯಾರ್ ಹೇಳಿದ್ರು?" ಎಂದರು ಅತ್ತೆ. ಸಿಟ್ಟಿನಲ್ಲೇ ಅಂದರು. ಆಮೇಲೆ ಮೇಜಿನ ಮೇಲಿದ್ದ ಮೇಷ್ಟ್ರುಗಳ ಕಟ್ಟನ್ನು ನೋಡಿದರು. ಅವರಿಗೆ ಓದಲು ಬರುತ್ತಿರಲಿಲ್ಲ, ದಪ್ಪ ಮಾತ್ರ ನೋಡಿದರು. "ಇನ್ನೂ ಎಷ್ಟು ಅವೆ?"

"ಹನ್ನೊಂದು ಪುಟ."

"ಒತ್ತು ಮತ್ತೆ, ಯಾಕ್ ನಿಲ್ಲಿಸ್ದೆ? ಅಡಿಗೆ ನಾನ್ ನೋಡ್ಕತೀನಿ."